ಶ್ರೀಲಂಕಾಕ್ಕೆ ಹೊರಟಿದ್ದೀರಾ? ಮಾತಲೆಯ ‘ಸ್ಪೈಸ್ ಗಾರ್ಡನ್’ ಮುಂದೆ ಕಾರು ನಿಂತರೆ ಇಳಿಯಲೇಬೇಡಿ

ರಜೆಗೆ ಶ್ರೀಲಂಕಾಕ್ಕೆ ಹೊರಟಿರುವವರು ದಯವಿಟ್ಟು ಇದನ್ನು ಓದಿ. ದಂಬುಲ್ಲದಿಂದ ಕ್ಯಾಂಡಿಗೆ ಹೋಗುವ ಎ9 ರಸ್ತೆಯಲ್ಲಿ ಮಾತಲೆ ಅಂತ ಒಂದು ಊರು ಸಿಗುತ್ತದೆ. ಅದರ ಆಚೆ ಈಚೆ ರಸ್ತೆಯುದ್ದಕ್ಕೂ ಬೋರ್ಡುಗಳು. ಸ್ಪೈಸ್ ಗಾರ್ಡನ್, ಹರ್ಬಲ್ ಗಾರ್ಡನ್, ಆಯುರ್ವೇದ, ಪ್ರವೇಶ ಉಚಿತ. ನಿಮ್ಮ ಡ್ರೈವರ್ ಅದರಲ್ಲೊಂದಕ್ಕೆ ಕಾರು ತಿರುಗಿಸಲು ನೋಡುತ್ತಾನೆ. ಬಿಡಬೇಡಿ. ನಮ್ಮಿಂದ 64,000 ಶ್ರೀಲಂಕಾ ರೂಪಾಯಿ ಕಿತ್ತರು. ನಮ್ಮ ದುಡ್ಡಲ್ಲಿ 18,000ಕ್ಕೂ ಜಾಸ್ತಿ. ಅದೂ ಯಾವುದಕ್ಕೆ? ಎಣ್ಣೆ, ಮುಲಾಮು, ಮತ್ತೆ ಕೇಳಿ, ಕಾಳುಮೆಣಸು, ಯಾಲಕ್ಕಿ! ನನ್ನ ತವರು ಶಿರಸಿ. ಅಪ್ಪನ ತೋಟದಲ್ಲಿ ಅಡಿಕೆ ಮರಕ್ಕೆಲ್ಲ ಮೆಣಸಿನ ಬಳ್ಳಿ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಪ್ಯಾಕೇಜು ಮಾಡಿಕೊಟ್ಟಿದ್ದು ಬೆಂಗಳೂರಿನ ಒಬ್ಬ ಏಜೆಂಟ್. ಕೊಲಂಬೊ ಏರ್‌ಪೋರ್ಟಿನಿಂದ ಕಾರು, ಡ್ರೈವರ್, ಹೋಟೆಲು, ಎಲ್ಲ ಸೇರಿ. ನಾನು, ನಮ್ಮ ಮನೆಯವರು, ಅತ್ತೆ. ಅತ್ತೆಗೆ ನುವಾರ ಎಲಿಯ ಹತ್ತಿರದ ಸೀತಾ ಎಲಿಯದಲ್ಲಿ ಸೀತಮ್ಮನ ಗುಡಿ ನೋಡಬೇಕಿತ್ತು. ಮುಖ್ಯವಾಗಿ ಹೊರಟಿದ್ದೇ ಅದಕ್ಕೆ.

ಡ್ರೈವರ್ ಬಹಳ ಒಳ್ಳೆಯವನ ಹಾಗೆ ಇದ್ದ. ಕಾರಿನಲ್ಲಿ ತಣ್ಣನೆ ನೀರು. ದಾರಿಯಲ್ಲಿ ನಿಲ್ಲಿಸಿ ತಂಬಿಲಿ, ಅದೇ ಅಲ್ಲಿನ ಕೇಸರಿ ಬಣ್ಣದ ಎಳನೀರು, ಕುಡಿಸಿದ. ಅತ್ತೆಗೆ “ಅಮ್ಮಾ, ಅಮ್ಮಾ” ಅಂತ ಕೈ ಹಿಡಿದು ಇಳಿಸುತ್ತಿದ್ದ. ಸಿಗಿರಿಯಾ ಬಂಡೆ ನೋಡಿ ಬಂದಾಗ ಅತ್ತೆ ಮಂಡಿ ಒತ್ತಿಕೊಳ್ಳುತ್ತಿದ್ದರು. ಅವರು ಮೇಲೆ ಹತ್ತಿರಲಿಲ್ಲ, ಕೆಳಗೆ ತೋಟದಲ್ಲಿ ಓಡಾಡಿದ್ದಕ್ಕೇ ನೋವು. “ಅಮ್ಮನಿಗೆ ಮಂಡಿ ನೋವಾ? ಯಾವ ಕಾಲು?” ಅಂತ ಕೇಳಿದ. ಎಡಗಾಲು ಅಂದೆ. ಆಮೇಲೆ ಸಿಂಹಳದಲ್ಲಿ ಯಾರಿಗೋ ಫೋನು ಮಾಡಿದ. ಈ ಫೋನನ್ನು ನೆನಪಿಟ್ಟುಕೊಳ್ಳಿ.

ಮಾತಲೆ ಹತ್ತಿರ ಬಂದಾಗ ಕಾರು ತಿರುಗಿತು. “ಸುಮ್ನೆ ಹತ್ತು ನಿಮಿಷ ಮೇಡಂ, ಫ್ರೀ, ನಿಮ್ಮ ಪ್ಯಾಕೇಜಲ್ಲೇ ಇದೆ.” ನೋಡಿದರೆ ಹೌದು, ಏಜೆಂಟ್ ಕೊಟ್ಟ ಹಾಳೆಯಲ್ಲಿ ‘ಸ್ಪೈಸ್ ಗಾರ್ಡನ್ ವಿಸಿಟ್’ ಅಂತ ಇತ್ತು.

ಒಳಗೆ ಬಿಳಿ ಕೋಟಿನ ಒಬ್ಬ ಬಂದ. ಕುತ್ತಿಗೆಯಲ್ಲಿ ಐಡಿ ಕಾರ್ಡು. ಡಾಕ್ಟರ್ ಅಂತ ಪರಿಚಯ ಮಾಡಿಕೊಂಡ. ಹಿಂದಿ, ತಮಿಳು, ಇಂಗ್ಲಿಷು ಎಲ್ಲ ಕಲಸಿ ಮಾತಾಡುತ್ತಿದ್ದ. ಅತ್ತೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, “ಅಮ್ಮಾ, ಎಡ ಮಂಡಿ ಅಲ್ವಾ?” ಅಂದ.

ಅತ್ತೆ ಅಲ್ಲೇ ಕರಗಿ ಹೋದರು. “ನಾಡಿನೂ ಹಿಡೀಲಿಲ್ಲ ನೋಡು, ನಡಿಗೆ ನೋಡೇ ಹೇಳಿಬಿಟ್ಟ” ಅಂತ ನನ್ನ ಕಿವಿಯಲ್ಲಿ ಹೇಳಿದರು. ನನಗೂ ಹಾಗೇ ಅನಿಸಿತು. ಅಯ್ಯೋ, ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ತೋಟ ಅಂದರೆ ದೊಡ್ಡದೇನಲ್ಲ. ಒಂದೊಂದೇ ಗಿಡ, ಪ್ರತಿಯೊಂದಕ್ಕೂ ನಂಬರು ಫಲಕ. ಕೋಕೊ, ವೆನಿಲ್ಲಾ, ಜಾಯಿಕಾಯಿ, ಲವಂಗ. ಮೆಣಸಿನ ಬಳ್ಳಿ ತೋರಿಸಿ “ಇದು ಏನು ಹೇಳಿ?” ಅಂತ ನನ್ನನ್ನೇ ಕೇಳಿದ! ಆಮೇಲೆ ಪುಟ್ಟ ಕಪ್ಪಿನಲ್ಲಿ ಕಷಾಯ. ಆಮೇಲೆ ಬೆಂಚಿನ ಮೇಲೆ ಕೂರಿಸಿ ಶುರು. ನಮ್ಮ ಮನೆಯವರ ಮುಂಗೈಗೆ ಒಂದು ಕ್ರೀಮು ಹಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಅಷ್ಟು ಜಾಗದ ಕೂದಲೆಲ್ಲ ಬಂತು. “ಕೆಮಿಕಲ್ ಇಲ್ಲ, ಬರೀ ಗಿಡಮೂಲಿಕೆ. ಮೂರು ಸಲ ಹಚ್ಚಿದರೆ ಜೀವನದಲ್ಲಿ ಮತ್ತೆ ಬೆಳೆಯಲ್ಲ.” ಅಷ್ಟರಲ್ಲಿ ಇಬ್ಬರು ಹುಡುಗರು ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ನಾವು ಬೇಕು ಅಂದಿರಲಿಲ್ಲ. “ಇವರು ಕಲಿಯೋ ಹುಡುಗರು, ಸಂಬಳ ಇಲ್ಲ, ಖುಷಿಯಾದಷ್ಟು ಕೊಡಿ” ಅಂತ ಡಾಕ್ಟರು ಆಮೇಲೆ ಹೇಳಿದ. ಅದಕ್ಕೂ ಕೊಟ್ಟೆವು. ಅದು 64,000ದಲ್ಲಿ ಸೇರಿಲ್ಲ.

ಕೊನೆಗೆ ಅಂಗಡಿ. ಹೊರಗೆ ಹೋಗುವ ದಾರಿ ಅಂಗಡಿಯ ಒಳಗಿಂದಲೇ. ಯಾವ ಬಾಟಲಿಯ ಮೇಲೂ ಬೆಲೆ ಇರಲಿಲ್ಲ. ಯಾವುದರ ಮೇಲೂ. ಬೆಲೆ ಕೇಳಿದರೆ “ಮೊದಲು ಯಾವ ತೊಂದರೆಗೆ ಯಾವ ಔಷಧಿ ಅಂತ ನೋಡೋಣ” ಅಂತ ಬುಟ್ಟಿಗೆ ಹಾಕುತ್ತಾ ಹೋದ. ಮಂಡಿ ಎಣ್ಣೆ 2 ಬಾಟಲಿ, ಒಂದು ಸಾಲದು, ಕೋರ್ಸು ಮುಗಿಸಬೇಕಂತೆ. ಬೊಜ್ಜು ಕರಗಿಸುವ ಕೆಂಪು ಅನಾನಸಿನ ರಸ, ಅದು ನನಗೆ. ನಾನು ಏನೂ ಕೇಳಿರಲಿಲ್ಲ, ಅವನೇ ನನ್ನ ಹೊಟ್ಟೆ ನೋಡಿ ಹಾಕಿದ! ಕೂದಲು ತೆಗೆಯುವ ಕ್ರೀಮು. ಕೊನೆಗೆ ಮಸಾಲೆ ಡಬ್ಬ. ಕೌಂಟರಿನಲ್ಲಿ ಬಿಲ್ಲು ಬಂದಾಗ: ಎಣ್ಣೆ 19,000, ಅನಾನಸು 14,500, ಕ್ರೀಮು 16,500, ಡಬ್ಬ 14,000. ಲಂಕಾ ರೂಪಾಯಿಯಲ್ಲಿ ಎಲ್ಲವೂ ಸಾವಿರಗಳಲ್ಲೇ ಇರುತ್ತದೆ, ಊಟದ ಬಿಲ್ಲೂ ಸಾವಿರಗಳಲ್ಲೇ. ತಲೆ ಓಡುವುದಿಲ್ಲ. ಎದುರಿಗೆ ಅತ್ತೆ ಖುಷಿಯಾಗಿ ಮಂಡಿ ಮಡಿಚಿ ತೋರಿಸುತ್ತಿದ್ದಾರೆ, ಡಾಕ್ಟರು ಪಕ್ಕದಲ್ಲೇ ನಿಂತಿದ್ದಾನೆ. ಡಬ್ಬ ಬೇಡ ಅಂದೆ. “ಮೇಡಂ, ಇದು ವ್ಯಾಪಾರ ಅಲ್ಲ, ಸೇವೆ” ಅಂದ. ನಮ್ಮ ಮನೆಯವರು ಸಂಕೋಚಕ್ಕೆ ಕಾರ್ಡು ಕೊಟ್ಟರು, ಪಿನ್ ಒತ್ತಿದರು.

ಆಗ ನೋಡಿದೆ. ಕೌಂಟರಿನ ಹಿಂದೆ ಒಂದು ನೋಟುಬುಕ್ಕು. ಹುಡುಗಿ ನಮ್ಮ ಕಾರಿನ ನಂಬರು ಬರೆದು, ಅದರ ಮುಂದೆ 64,000 ಅಂತ ಬರೆದಳು. ಮೇಲೆ ಇಡೀ ಪುಟ ಹಾಗೇ, ಕಾರು ನಂಬರು, ದುಡ್ಡು, ಕಾರು ನಂಬರು, ದುಡ್ಡು. ಡ್ರೈವರ್ ಹೊರಗೆ ಟೀ ಕುಡಿಯುತ್ತಾ ನಗುತ್ತಿದ್ದ. ಬ್ಯಾಂಕಿನ ಮೆಸೇಜು ಬಂತು. ಎಡ ಮಂಡಿ, ಫೋನು, ಎಲ್ಲ ಆಗ ಹೊಳೆಯಿತು. ನಾಡಿನೂ ಹಿಡಿಯದ ವೈದ್ಯ ಅಂತೆ!

ಕಾರಿನಲ್ಲಿ ಕೂತ ಮೇಲೆ ಕೇಳಿದೆ, ನೀನೇ ಫೋನಲ್ಲಿ ಹೇಳಿದ್ದಲ್ವಾ ಅಂತ. “ಇಲ್ಲ ಮೇಡಂ, ಅವರು ಓದಿದವರು, ಅವರಿಗೆ ಗೊತ್ತಾಗುತ್ತೆ.” ವಾಪಸ್ ತಿರುಗಿಸು ಅಂದೆ. “ಈಗ ಗೇಟು ಹಾಕಿರ್ತಾರೆ.” ಮಧ್ಯಾಹ್ನ ಮೂರು ಗಂಟೆಗೆ ಗೇಟು ಹಾಕಿರ್ತಾರಂತೆ.

ಬಿಲ್ಲಿನ ಮೇಲಿದ್ದ ನಂಬರಿಗೆ ವಾಟ್ಸ್ಆ್ಯಪ್ ಮಾಡಿದೆ. ಸೀಲು ಒಡೆದಿಲ್ಲ, ವಾಪಸ್ ತಗೊಳ್ಳಿ ಅಂತ. ಬಂದ ಉತ್ತರ: “ಔಷಧಿ ವಾಪಸ್ ತೆಗೆದುಕೊಳ್ಳುವಂತಿಲ್ಲ, ನಿಯಮ.” ಮಸಾಲೆ ಡಬ್ಬ ಔಷಧಿನಾ? “ಯಾಲಕ್ಕಿ ಕೂಡ ಔಷಧಿ ಮೇಡಂ.” ಕೊನೆಗೆ ಎರಡು ಕೈ ಮುಗಿಯುವ ಚಿತ್ರ. ಆಮೇಲೆ ನೀಲಿ ಟಿಕ್ಕು ಮಾತ್ರ.

ಬೆಂಗಳೂರಿನ ಏಜೆಂಟ್ ಇನ್ನೂ ಜಾಣ. “ನಾವು ಹಾಕಿರೋದು ಬರೀ ವಿಸಿಟ್ ಮೇಡಂ. ಶಾಪಿಂಗ್ ನಿಮ್ಮ ಪರ್ಸನಲ್.” ನಿಮ್ಮನ್ನೂ ಸೇರಿಸಿ ಎಲ್ಲರಿಗೂ ಇದರಲ್ಲಿ ಪಾಲಿದೆಯಾ ಅಂತ ನೇರ ಕೇಳಿದೆ. “ಮೀಟಿಂಗಲ್ಲಿದ್ದೀನಿ” ಅಂದ. ಬ್ಯಾಂಕಿನವರು, “ನೀವೇ ಪಿನ್ ಹಾಕಿದ್ದೀರಿ, ಮೋಸ ಅಂತ ದೂರು ತಗೊಳ್ಳೋಕೆ ಆಗಲ್ಲ” ಅಂದರು. ಅಮ್ಮ ಶಿರಸಿಯಿಂದ ಫೋನಲ್ಲಿ ಒಂದೇ ಮಾತು: “ಮೆಣಸಿಗೆ ದುಡ್ಡು ಕೊಟ್ಯಾ?”

ಅದೇ ಸಂಜೆ ಕ್ಯಾಂಡಿಯ ಸೂಪರ್ ಮಾರ್ಕೆಟ್ಟಿಗೆ ಹೋದೆ, ಹೊಟ್ಟೆಯುರಿಗೇ ಹೋದೆ. ಅಲ್ಲಿ ಪೊಟ್ಟಣದ ಮೇಲೆ ಬೆಲೆ ಅಚ್ಚಾಗಿರುತ್ತದೆ. ಸಿಗಾರಿನ ಹಾಗೆ ಪದರ ಪದರವಾಗಿ ಸುತ್ತಿದ ಅಸಲಿ ಸಿಲೋನ್ ದಾಲ್ಚಿನ್ನಿ. ತರುವುದಾದರೆ ಅದೊಂದೇ ತನ್ನಿ, ನಮ್ಮಲ್ಲಿ ಸಿಗುವ ದಪ್ಪ ಚಕ್ಕೆಗಿಂತ ಬೇರೆ ಅದು. ಡಬ್ಬಕ್ಕೆ ಕೊಟ್ಟ ದುಡ್ಡಿನಲ್ಲಿ ಚೀಲ ತುಂಬಾ ತರಬಹುದಿತ್ತು. ಅತ್ತೆಗೆ ಸಿದ್ಧಾಲೇಪ ಮುಲಾಮು ತಗೊಂಡೆ, ಆ ದೇಶದಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ. ಈಗ ಅವರು ಹಚ್ಚುತ್ತಿರುವುದು ಅದನ್ನೇ. 19,000ದ ಎಣ್ಣೆ ಬಚ್ಚಲಿನ ಗೂಡಿನಲ್ಲಿದೆ.

ಮರುದಿನ ಆ ಡ್ರೈವರಿಗೆ ನಾಚಿಕೆ ಬೇಡವಾ? ಕ್ಯಾಂಡಿಯಲ್ಲಿ ಹರಳಿನ ಅಂಗಡಿ ಮುಂದೆ ನಿಲ್ಲಿಸಿದ. ರತ್ನಪುರದ ಗಣಿಯ ವಿಡಿಯೊ ಬರೀ ನೋಡಿ ಅಂದ. ಇಳಿಯಲಿಲ್ಲ. ಮರದ ಕೆತ್ತನೆ ಅಂಗಡಿ, ಮರದ ಚೂರನ್ನು ನೀರಿಗೆ ಹಾಕಿ ಬಣ್ಣ ಬದಲಾಗುವುದು ತೋರಿಸುತ್ತಾರಂತೆ. ಇಳಿಯಲಿಲ್ಲ. ಬಾಟಿಕ್ ಅಂಗಡಿ. ಇಳಿಯಲಿಲ್ಲ. ಅಲ್ಲಿಂದಾಚೆ ತಣ್ಣನೆ ನೀರೂ ಇಲ್ಲ, “ಅಮ್ಮಾ”ನೂ ಇಲ್ಲ. ಸೀತಾ ಎಲಿಯದಲ್ಲಿ ಅತ್ತೆಯ ಕೈ ಹಿಡಿದು ಇಳಿಸಿದ್ದು ನಾನೇ.

ನೀವು ಹೋಗುವುದಾದರೆ ಬುಕ್ ಮಾಡುವ ಮೊದಲೇ ಏಜೆಂಟಿಗೆ ಮೆಸೇಜಿನಲ್ಲಿ ಬರೆಸಿಕೊಳ್ಳಿ: ಗಾರ್ಡನ್ ಇಲ್ಲ, ಹರಳು ಇಲ್ಲ, ಯಾವ ಅಂಗಡಿಯೂ ಇಲ್ಲ. ಡ್ರೈವರಿನ ಮುಂದೆ ನೋವು, ಬಿಪಿ, ಶುಗರು ಅಂತ ಮಾತೇ ಆಡಬೇಡಿ. ಯಾರೂ ಮೈಗೆ ಏನೂ ಹಚ್ಚಲು ಬಿಡಬೇಡಿ. ಕೊಲಂಬೊ, ಕ್ಯಾಂಡಿಯ ಒಳಗೆ ಓಡಾಡಲು ಪಿಕ್‌ಮಿ ಆ್ಯಪ್ ಇದೆ, ಆಟೊ ಕೂಡ ಬರುತ್ತದೆ. ಸಿಗಿರಿಯಾದಂಥ ಕಡೆ ಟಿಕೆಟನ್ನು ನೀವೇ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಕೊಳ್ಳಿ, ನಮ್ಮ ದೇಶವೂ ಇರುವ ಸಾರ್ಕ್ ಒಕ್ಕೂಟದವರಿಗೆ ರಿಯಾಯಿತಿ ಇದೆ. ಡ್ರೈವರ್ ಕೈಗೆ ದುಡ್ಡು ಕೊಡಬೇಡಿ. ಪ್ರವಾಸಿಗರ ದೂರಿಗೆ 1912 ಅಂತ ಸಹಾಯವಾಣಿ ಇದೆ, ಅಲ್ಲಿದ್ದಾಗಲೇ ಕರೆ ಮಾಡಿ. ನನಗೆ ಆ ನಂಬರು ಗೊತ್ತಾಗಿದ್ದು ಬೆಂಗಳೂರಿಗೆ ಬಂದ ಮೇಲೆ.

ಮಾತಲೆಯಲ್ಲಿ ನಿಲ್ಲಲೇಬೇಕು ಅಂದರೆ ಮುತ್ತುಮಾರಿಯಮ್ಮನ ಗುಡಿ ಇದೆ, ಎತ್ತರದ ಗೋಪುರ. ಸ್ವಲ್ಪ ದೂರದಲ್ಲಿ ಅಲುವಿಹಾರೆ ಗುಹೆಗಳಿವೆ. ಬುದ್ಧನ ತ್ರಿಪಿಟಕವನ್ನು ಮೊದಲ ಬಾರಿಗೆ ಓಲೆಗರಿಯಲ್ಲಿ ಬರೆದದ್ದು ಅಲ್ಲೇ ಅಂತ ಹೇಳುತ್ತಾರೆ. ನಾವು ಎರಡನ್ನೂ ನೋಡಲಿಲ್ಲ. “ಟೈಮ್ ಇಲ್ಲ ಮೇಡಂ” ಅಂದಿದ್ದ ಡ್ರೈವರ್. ಎರಡು ಗಂಟೆ ಎಣ್ಣೆ ತಿಕ್ಕಿಸಿಕೊಳ್ಳಲು ಟೈಮ್ ಇತ್ತು.

ಅಂದ ಹಾಗೆ, ನಮ್ಮ ಮನೆಯವರ ಮುಂಗೈ ಕೂದಲು ಪೂರ್ತಿ ವಾಪಸ್ ಬಂದಿದೆ. ಫೋಟೊ ತೆಗೆದು ಆ ನಂಬರಿಗೆ ಕಳಿಸಿದೆ. ಈ ಸಲ ತಕ್ಷಣ ಉತ್ತರ ಬಂತು: “ಎರಡನೇ ಬಾಟಲಿಗೆ ಡಿಸ್ಕೌಂಟ್ ಇದೆ ಮೇಡಂ.”