ಕೌದಿ: ಕೈಯಲ್ಲಿ ಹೊಲಿಯುವುದೋ, ಮಷೀನಿನಲ್ಲೋ?

ಹಳೆ ಸೀರೆ, ಪಂಚೆಗಳ ಗಂಟು ಬಿಚ್ಚಿ ಕೂತಿದ್ದೀರಿ. ಹಳೆ ಬಟ್ಟೆಯ ತುಂಡು, ಪದರ ಸೇರಿಸಿ ಹೊದೆಯುವ ಕೌದಿ ಹೊಲಿಯುವ ಆಸೆ. ಕೈಹೊಲಿಗೆಯೋ, ಮಷೀನೋ?

ಖರ್ಚು ನೋಡಿದರೆ ಕೈಹೊಲಿಗೆಯೇ ಸೈ. ಉದ್ದ ಸೂಜಿ, ಗಟ್ಟಿ ದಾರ, ಕತ್ತರಿ ಇದ್ದರೆ ಸಾಕು. ಆದರೆ ಇಬ್ಬರು ಹೊದೆಯುವ ಕೌದಿಗೆ ವಾರಗಟ್ಟಲೆ ಕೂರಬೇಕು.

ಮಷೀನಿನಲ್ಲಿ ತುಂಡು ಜೋಡಿಸುವುದು ಬೇಗ ಮುಗಿಯುತ್ತದೆ. ಕಷ್ಟ ಶುರುವಾಗುವುದು ಪದರ ಸೇರಿಸುವಾಗ. ನಾಲ್ಕೈದು ಪದರದ ಬಟ್ಟೆಯನ್ನು ಸುರುಳಿ ಸುತ್ತಿ ಮಷೀನಿನ ಸಣ್ಣ ಸಂದಿಯಲ್ಲಿ ತೂರಿಸಬೇಕು. ಮೇಲಿನ ಪದರ ಜರುಗಿ ನೆರಿಗೆ ಬೀಳುತ್ತದೆ. ಮೊದಲೇ ಆಮೇಲೆ ಬಿಚ್ಚುವಂಥ ಕಚ್ಚಾ ಹೊಲಿಗೆ ಹಾಕಿ, ದಪ್ಪ ಬಟ್ಟೆಯ 16 ನಂಬರ್ ಸೂಜಿ ಸಿಕ್ಕಿಸಿ, ಹೊಲಿಗೆ ಸ್ವಲ್ಪ ಉದ್ದ ಇಟ್ಟುಕೊಂಡರೆ ಪರವಾಗಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರ ಕೌದಿ ನೋಡಿದ್ದೀರಾ? ಅಂಚಿನಿಂದ ಶುರುಮಾಡಿ, ತುಂಡುಗಳನ್ನು ಮಡಚಿ ಕೂರಿಸುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ತುಂಡು ಜೋಡಣೆ, ಪದರ ಜೋಡಣೆ ಎರಡೂ ಒಂದೇ ಹೊಲಿಗೆಯಲ್ಲಿ ಆಗಿಬಿಡುತ್ತದೆ. ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು ಬೇರೆ! ಇದನ್ನು ಮನೆಯ ಮಷೀನಿನಲ್ಲಿ ಮಾಡಲು ಹೋದರೆ ಸುಮ್ನೆ ತಲೆನೋವು.

ಮೇಲಿಂದ ಮೇಲೆ ಒಗೆಯುವ ಹೊದಿಕೆಗೆ, ಬಟ್ಟೆ ಗಟ್ಟಿಯಿದ್ದರೆ, ನಾನು ಮಷೀನ್ ಅನ್ನುತ್ತೇನೆ. ಮೊದಲ ಸಲವೇ? ಕೈಯಲ್ಲಿ ಮಗುವಿನ ಪುಟ್ಟ ಕೌದಿ ಹೊಲಿಯಿರಿ. ಅಜ್ಜಿಯ ಸವೆದ ಸೀರೆಯಾದರಂತೂ ಮಷೀನ್ ಬೇಡವೇ ಬೇಡ. ಒತ್ತೊತ್ತಾದ ಹೊಲಿಗೆಗೆ ಅದು ಅಲ್ಲೇ ಪಿಸಿಯುತ್ತದೆ.