ಬ್ಲ್ಯಾಕ್ ಫೈವ್ ಮಾದರಿ ಎಂಜಿನ್: ನೋಟಕ್ಕೆ ಪೂರ್ತಿ ಅಂಕ, ಏರಿಗೆ ಅರ್ಧ

ಉತ್ತರ ಇಂಗ್ಲೆಂಡಿನ ಗುಡ್ಡಗಾಡಿನಲ್ಲಿ ಉಗಿಬಂಡಿಗಳು ಓಡಿದ ಕೊನೆಯ ದಿನಗಳನ್ನು ಮೇಜಿನ ಮೇಲೆ ಕಟ್ಟಬೇಕೆಂದರೆ ಬ್ಲ್ಯಾಕ್ ಫೈವ್ ಎಂಬ ಉಗಿ ಎಂಜಿನ್ ಬೇಕೇ ಬೇಕು. 1934ರಿಂದ 1951ರ ತನಕ ಇಂಥವು 842 ತಯಾರಾದವು. 1968ರ ಆಗಸ್ಟ್ 11ರಂದು ಬ್ರಿಟಿಷ್ ರೈಲ್ವೆಯ ಕೊನೆಯ ಉಗಿ ವಿಶೇಷ ರೈಲು ಲಿವರ್‌ಪೂಲಿನಿಂದ ಕಾರ್ಲೈಲ್‌ಗೆ ಹೋಗಿಬಂದಾಗ ಅದನ್ನು ಎಳೆದ ನಾಲ್ಕು ಎಂಜಿನ್‌ಗಳಲ್ಲಿ ಮೂರು ಈ ಜಾತಿಯವೇ.

ಈ ಮಾದರಿ ಡಬಲ್ ಓ ಅಳತೆಯದು, ಅಂದರೆ ನಿಜವಾದ ಎಂಜಿನ್ನಿನ ಸುಮಾರು 76ರಲ್ಲಿ ಒಂದು ಪಾಲು. ಕಲ್ಲಿದ್ದಲು, ನೀರು ಹೊರುವ ಹಿಂಬಂಡಿ ಟೆಂಡರ್ ಸೇರಿ ಉದ್ದ ಸುಮಾರು 25 ಸೆಂ.ಮೀ., ದೊಡ್ಡ ಗಾಲಿ 24 ಮಿ.ಮೀ., ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ಥಳಥಳಿಸುವ ಕಪ್ಪಿನಲ್ಲೂ ಸಿಗುತ್ತದೆ, ಆದರೆ ಮಾಸಿದ 1968ರ ಆವೃತ್ತಿಯನ್ನೇ ಕೊಳ್ಳಿ. ಆ ಕೊನೆಯ ತಿಂಗಳುಗಳಲ್ಲಿ ಎಂಜಿನ್ ಒರೆಸಲು ಆಳು ಸಾಲುತ್ತಿರಲಿಲ್ಲ. ನಂಬರ್ ಪ್ಲೇಟ್ ಹೋದ ಕಡೆ ಬಣ್ಣದಲ್ಲಿ ನಂಬರ್ ಬರೆದು ಓಡಿಸುತ್ತಿದ್ದರು. ಮಾದರಿಯ ಮೂತಿಯ ಮೇಲೂ ಕೈಬರಹದಂಥ ಬಿಳಿ ನಂಬರ್ ಇದೆ. ಬಾಯ್ಲರ್ ತೊಳೆಯುವ ಬಿರಡೆಗಳ ಕೆಳಗೆ ಗಡಸು ನೀರು ಸೋರಿ ಇಳಿದ ಸುಣ್ಣದ ಗೆರೆಗಳೂ ಇವೆ. ಕೂದಲೆಳೆಯಷ್ಟು ಸಣ್ಣ, ಒಂದೊಂದೂ ಬೇರೆ ಬೇರೆ ಉದ್ದ. ಇದನ್ನು ಮಾಡಿದ ಕೈ ನಿಜವಾದ ಎಂಜಿನ್ನನ್ನು ಹತ್ತಿರದಿಂದ ನೋಡಿದೆ.

ತೊಂದರೆ ಇರುವುದು ಎಳೆತದಲ್ಲಿ. ಸಮತಟ್ಟಿನಲ್ಲಿ 8 ಬೋಗಿಗಳನ್ನು ಸಲೀಸಾಗಿ ಎಳೆಯುತ್ತದೆ. ಉತ್ತರ ಇಂಗ್ಲೆಂಡಿನ ಶಾಪ್ ಗುಡ್ಡದ ಏರು 75ಕ್ಕೆ 1, ಅಂದರೆ ಮೀಟರಿಗೆ 13 ಮಿ.ಮೀ. ಅಷ್ಟು ಕೊಟ್ಟರೆ 5 ಬೋಗಿಗೇ ಗಾಲಿ ಜಾರುತ್ತದೆ. ನಿಜವಾದ ಶಾಪ್‌ನಲ್ಲೂ ಭಾರದ ಗಾಡಿಗಳಿಗೆ ಟೀಬೆ ಶೆಡ್ಡಿನ ಎಂಜಿನ್ ಹಿಂದಿನಿಂದ ಒತ್ತುಕೊಡುತ್ತಿತ್ತು, ನಿಜ. ಆದರೆ ಮಾದರಿ ಜಾರುವುದು ಮೈ ಹಗುರವಾಗಿರುವುದಕ್ಕೆ. ಕಾರಿನ ಗಾಲಿ ಬ್ಯಾಲೆನ್ಸ್ ಮಾಡುವ ಟೈರ್ ಅಂಗಡಿಯಲ್ಲಿ 5 ಗ್ರಾಂನ ಅಂಟು ತೂಕಗಳು ಸಿಗುತ್ತವೆ. ಬಾಯ್ಲರಿನೊಳಗೆ, ನಡುವಿನ ಗಾಲಿಯ ನೇರಕ್ಕೆ, ಆರು ಅಂಟಿಸಿ. ತೂಕ ಹಿಂದಕ್ಕೆ ಸರಿದರೆ ಮುಂದಿನ ಸಣ್ಣ ಗಾಲಿಗಳು ಎದ್ದು ಹಳಿ ತಪ್ಪುತ್ತವೆ. ಏರನ್ನು ಒಮ್ಮೆಲೇ ಶುರು ಮಾಡದೆ ಮೊದಲ 30 ಸೆಂ.ಮೀ.ಯಲ್ಲಿ ನಿಧಾನಕ್ಕೆ ಎತ್ತಿ. ನಮ್ಮ ಕ್ಯಾಸಲ್ ರಾಕ್ ಘಟ್ಟದ 37ಕ್ಕೆ 1ರ ಏರು ಕಟ್ಟುವವರಿಗೆ ಈ ಎಂಜಿನ್ ಒಂಟಿಯಾಗಿ ಆಗಿಬರುವುದಿಲ್ಲ.

ಟೆಂಡರ್ ಜೋಡಿಸುವ ಪಟ್ಟಿಗೆ ಎರಡು ತೂತು. ಹತ್ತಿರದ್ದು ನೋಟಕ್ಕೆ ಚೆಂದ, ಆದರೆ 438 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಟೆಂಡರ್ ಕ್ಯಾಬಿಗೆ ತಾಗಿ ಹಳಿ ಬಿಡುತ್ತದೆ. ಅಲ್ಲಿ ದೂರದ ತೂತೇ ಸರಿ.

ಇನ್ನು ಧೂಳು. ಹುಬ್ಬಳ್ಳಿಯ ಬೇಸಿಗೆ ಧೂಳು, ಗದಗಿನ ಕಡೆಯ ಎರೆಮಣ್ಣಿನ ಪುಡಿ, ಮೇಲೆ ಆಷಾಢದ ಗಾಳಿ. ಎಣ್ಣೆಯ ಜೊತೆ ಸೇರಿ ಗಾಲಿಯ ಅಂಚಿನಲ್ಲಿ ಕರಿ ಪದರ ಕಟ್ಟುತ್ತದೆ, ಕರೆಂಟ್ ಹಿಡಿಯದೆ ಎಂಜಿನ್ ತಡವರಿಸುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. ಹಳೇ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ ಹಳಿಯ ಮೇಲೆ ಅಡ್ಡ ಹಾಸಿ. ಟೆಂಡರಿನ ಗಾಲಿ ಹಳಿಯ ಮೇಲೆ, ಎಂಜಿನ್ನಿನ ಗಾಲಿ ಬಟ್ಟೆಯ ಮೇಲೆ ಇರಲಿ. ಎಂಜಿನ್ ಕೈಯಲ್ಲಿ ಹಿಡಿದು, ಕರೆಂಟ್ ಕೊಟ್ಟು ಹತ್ತು ಸೆಕೆಂಡ್ ಗಾಲಿ ತಿರುಗಿಸಿ. ಉಪ್ಪುಕಾಗದ ಮುಟ್ಟಿಸಲೇಬೇಡಿ, ಗೀರು ಬಿದ್ದಲ್ಲೇ ಮತ್ತೆ ಕೊಳೆ ಕೂರುತ್ತದೆ. ಅಚ್ಚಿಗೆ ಸೂಜಿಮೊನೆಯಷ್ಟು ತೆಳು ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಧಾರವಾಡದ ಚಳಿಗೆ ಗಡ್ಡೆಕಟ್ಟುತ್ತದೆ.

ಹಳಿಗಳ ಕೂಡಿಕೆಯಲ್ಲಿ ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಸಂದು ಬಿಡಿ, ಇಲ್ಲವಾದರೆ ಏಪ್ರಿಲ್ ಬಿಸಿಲಿಗೆ ಹಳಿ ಉಬ್ಬುತ್ತದೆ. ಎಂಜಿನ್ ಓಡಿಸುವ ಕಂಟ್ರೋಲರಿನ ಬ್ರಿಟಿಷ್ ಪ್ಲಗ್ಗಿಗೆ ಪ್ಲಗ್ ಅಡಾಪ್ಟರ್ ಸಾಕು, ವೋಲ್ಟೇಜ್ ಬದಲಿಸುವ ಬೇರೆ ಟ್ರಾನ್ಸ್‌ಫಾರ್ಮರ್ ಬೇಡ.

ಓಡುವಾಗ ಟಿಕ್ ಟಿಕ್ ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಗಾಲಿಗೆ ರಾಡ್ ಹಿಡಿಸುವ ಸ್ಕ್ರೂ ಸಡಿಲವಾಗಿದೆ. ಬಿದ್ದುಹೋದರೆ ಅದಕ್ಕೆ ಬದಲಿ ಇಲ್ಲಿಯ ಅಂಗಡಿಗಳಲ್ಲಿ ಸಿಗುವುದಿಲ್ಲ. ಎಂಜಿನ್ ತರಿಸುವಾಗಲೇ ಎರಡು ಹೆಚ್ಚಿಗೆ ಬರೆಸಿಬಿಡಿ.