ಹಳೆಯ ಮರದ ದೋಣಿ: ಮೂರು ವರ್ಷ ಬಳಸಿದ ಮೇಲೆ

ಗಂಗೊಳ್ಳಿಯಲ್ಲಿ ಮೂರು ವರ್ಷಗಳ ಹಿಂದೆ 18 ಅಡಿಯ ಹಳೆಯ ಮರದ ದೋಣಿಯೊಂದನ್ನು 28,000 ರೂಪಾಯಿಗೆ ಕೊಂಡೆ. ಅಂದಿನಿಂದ ಇಂದಿನವರೆಗೆ ಎಂಜಿನ್ನಿನ ಖರ್ಚು ಬಿಟ್ಟು, ದೋಣಿಯೊಂದಕ್ಕೇ 35,500 ರೂಪಾಯಿ ಸುರಿದಿದ್ದೇನೆ. ಹೀಗಿದ್ದರೂ ಅದನ್ನು ಮಾರುವ ಮನಸ್ಸು ನನಗಿಲ್ಲ.

ಪಂಚಗಂಗಾವಳಿಯ ಹಿನ್ನೀರಿನಲ್ಲಿ ಗಾಳಿ ಎದ್ದಾಗ ಹಗುರವಾದ ಫೈಬರ್ ದೋಣಿಗಳು ಹೊಯ್ದಾಡುತ್ತವೆ. ಹೆಬ್ಬಲಸಿನ ಹಲಗೆಯ ಈ ದೋಣಿಯಾದರೋ ತನ್ನ ತೂಕದಿಂದಲೇ ನೀರಿನ ಮೇಲೆ ಊರಿ ಕುಳಿತು, ಒಬ್ಬರು ಎದ್ದು ನಿಂತು ಬಲೆ ಬೀಸಿದರೂ ಹೆಚ್ಚು ವಾಲುವುದಿಲ್ಲ. ಎಂಜಿನ್ ನಿಲ್ಲಿಸಿ ಕಾಂಡ್ಲಾ ಗಿಡಗಳ ನಡುವೆ ಹುಟ್ಟು ಹಾಕುತ್ತಾ ಸಾಗುವಾಗ ಹಲಗೆಗೆ ನೀರು ತಟ್ಟುವ ಮೆತ್ತನೆಯ ಸದ್ದನ್ನು ಕೇಳಿದವರಿಗೆ ಮರದ ದೋಣಿಯ ಮೇಲಿನ ಮೋಹ ಅರ್ಥವಾದೀತು.

ಕೊಳ್ಳುವಾಗ ಹೊಸ ಬಣ್ಣ ಮಿನುಗುತ್ತಿತ್ತು. ಮೊದಲ ಬೇಸಿಗೆಯಲ್ಲಿ ದಡಕ್ಕೆಳೆದು ಕೆರೆದಾಗ ಸ್ಕ್ರೂಡ್ರೈವರಿನ ಮೊನೆ ತಳದ ಹಲಗೆಯೊಳಗೆ ಒಂದು ಗೆಣ್ಣಿನಷ್ಟು ಇಳಿಯಿತು. ಒಳಗೆ ಸುಣ್ಣ ಬಳಿದಂತಹ ಬಿಳಿಯ ಸುರಂಗಗಳು. ಹುಳುವೆಂದು ಕರೆಸಿಕೊಂಡರೂ ಕಪ್ಪೆಚಿಪ್ಪಿನ ಬಳಗಕ್ಕೆ ಸೇರಿದ ಈ ಉಪ್ಪುನೀರಿನ ಮರಕೊರಕ, ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತಿನಿಂದ ಒಳಹೊಕ್ಕು ಅಲ್ಲಿಯೇ ಬೆಳೆಯುವುದರಿಂದ ಹೊರಮೈ ನೋಡಿ ಹಾನಿಯನ್ನು ಅಳೆಯಲಾಗದು. ಎರಡು ಹಲಗೆ ಬದಲಿಸಲು 11,500 ರೂಪಾಯಿ ಆಯಿತು. ದೋಣಿಯ ಕೆಲಸ ಬಲ್ಲ ಆಚಾರಿಯವರ ಬಿಡುವಿಗಾಗಿ ಆರು ವಾರ ಕಾದೆ.

ದಡಕ್ಕೆಳೆಯುವ ಕೂಲಿ, ತಳಕ್ಕಂಟಿದ ಚಿಪ್ಪು ಕೆರೆಯುವುದು, ಸಂದುಗಳಿಗೆ ಹತ್ತಿ ತುಂಬುವುದು, ಎಣ್ಣೆ ಬಳಿಯುವುದು, ಎಲ್ಲಾ ಸೇರಿ ವರ್ಷಕ್ಕೆ 6,000 ರೂಪಾಯಿ ಬೇಕು. ಮಳೆಗಾಲಕ್ಕೆಂದು ಕಟ್ಟಿಸಿದ ಚಪ್ಪರಕ್ಕೂ ಅಷ್ಟೇ ಆಯಿತು. ಬಿಸಿಲಿಗೆ ಒಣಗಿದ ದೋಣಿಯನ್ನು ಮತ್ತೆ ನೀರಿಗಿಳಿಸಿದಾಗ ಹಲಗೆಗಳು ನೀರು ಕುಡಿದು ಉಬ್ಬಿ ಸಂದು ಮುಚ್ಚುವವರೆಗೆ ಒಳಗೆ ನೀರು ಬರುತ್ತಲೇ ಇರುತ್ತದೆ. ಎರಡು ಮೂರು ದಿನ ಬೆಳಿಗ್ಗೆ ಸಂಜೆ ಮೊಗೆದು ಹಾಕಲು ಮನೆಯಲ್ಲಿ ಒಬ್ಬರು ಇರಲೇಬೇಕು.

ಹೊಳೆಯ ದಂಡೆಯಲ್ಲೇ ವಾಸವಿದ್ದು ದಿನವೂ ದೋಣಿಯತ್ತ ಕಣ್ಣು ಹಾಯಿಸಬಲ್ಲವರು ಧೈರ್ಯವಾಗಿ ಕೊಳ್ಳಬಹುದು. ರಜೆಗೆ ಮಾತ್ರ ಊರಿಗೆ ಬರುವವರಿಗೆ ಫೈಬರ್ ದೋಣಿಯೇ ಸರಿ. ಮಾತುಕತೆಗೆ ಮುನ್ನ ದೋಣಿಯನ್ನು ದಡಕ್ಕೆ ತರಿಸಿ, ತಳದ ಬಣ್ಣವನ್ನು ನಾಲ್ಕೈದು ಕಡೆ ಕೆರೆದು, ಕಬ್ಬಿಣದ ಮೊಳೆಗಳ ಸುತ್ತ ಮರ ಕಪ್ಪಾಗಿ ಮೆತ್ತಗಾಗಿದೆಯೇ ಎಂದು ಒತ್ತಿ ನೋಡಿ. ಕೆರೆಯಲು ಮಾರುವವರು ಒಪ್ಪದಿದ್ದರೆ ಆ ದೋಣಿಯನ್ನು ಬಿಟ್ಟುಬಿಡಿ.